ಮುಳ್ಳು ಏಳದ ಆರು ವಾರ

ಗುಳು ಗುಳು ಗುಳು. ಎಂಜಿನ್ ಆಫ್ ಮಾಡಿದ ಮೇಲೂ ಬಾನೆಟ್ಟಿನ ಕೆಳಗೆ ನೀರು ಕುದಿಯುತ್ತಲೇ ಇರುವ ಸದ್ದು. ಒಲೆಯ ಮೇಲಿನ ಪಾತ್ರೆಯಲ್ಲಿ ಬಂದರೆ ಅದಕ್ಕಿಂತ ಸಮಾಧಾನದ ಸದ್ದಿಲ್ಲ. ಮಡಿಕೇರಿಯ ಏರಿನ ನಡುವೆ, ಪಕ್ಕದ ಸೀಟಿನಲ್ಲಿ ಡಯಾಲಿಸಿಸ್‌ಗೆ ಹೊರಟ ಗಂಡ ಕೂತಿರುವಾಗ ಬಂದರೆ ಕೈಕಾಲು ತಣ್ಣಗಾಗುತ್ತದೆ. ಈಗಲೂ ಅನ್ನಕ್ಕೆ ನೀರಿಟ್ಟಾಗ ನಾನು ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ.

ಹಾಗಾದ ದಿನ ನಾವು ಕಕ್ಕಬೆಯಿಂದ ಹೊರಟು ನಾಪೋಕ್ಲು ದಾಟಿ ಏರು ಹತ್ತುತ್ತಿದ್ದೆವು. ಮೊಬೈಲಿಗೆ ನೆಟ್‌ವರ್ಕ್ ಇಲ್ಲದ ತಿರುವು. ಹತ್ತು ಗಂಟೆಯ ಬೆಡ್ ನಮ್ಮದು. ತಡವಾದರೆ ಮುಂದಿನವರಿಗೆ ಕೊಟ್ಟುಬಿಡುತ್ತಾರೆ. ಅವರ ತಪ್ಪಲ್ಲ, ಕಾಯುವವರು ಅಷ್ಟು ಮಂದಿ. ಹಿಂದೊಮ್ಮೆ ಹಾಗೆ ತಪ್ಪಿಹೋಗಿ, ಎರಡು ದಿನದಲ್ಲಿ ನನ್ನ ಗಂಡನ ಮುಖ ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಇದ್ದರು. ಅದನ್ನು ಕಂಡವಳು ನಾನು.

"ಸರಿ ಉಟ್ಟು," ಎಂದರು ಅವರು, ವಾಚು ನೋಡುತ್ತಾ. ನಮ್ಮದು ಕೊಡಗಿನ ಅರೆಭಾಷೆ ಆಡುವ ಮನೆ. ನನ್ನ ನಾಲಗೆಯನ್ನು ಕಾನ್ವೆಂಟ್ ತಿದ್ದಿತು, ನಾನು ಪುಸ್ತಕದ ಕನ್ನಡಕ್ಕೂ ಇಂಗ್ಲಿಷಿಗೂ ಜೋತುಬಿದ್ದೆ. ಅವರೂ ನನ್ನ ಜೊತೆ ಹಾಗೇ ಮಾತಾಡಲು ಕಲಿತರು. ಆದರೆ ಏನಾದರೂ ಸರಿಯಿಲ್ಲ ಎನ್ನುವಾಗ ಮಾತ್ರ ಅವರ ಬಾಯಲ್ಲಿ ತಾಯಿಯ ಮಾತು ಬರುತ್ತಿತ್ತು. ಸರಿ ಉಟ್ಟು. ಎಲ್ಲ ಸರಿಯಾಗಿದೆ.

ಕಾರಿನಲ್ಲಿ ಹೋಗಬಾರದೇ ಎಂದು ಎಲ್ಲರೂ ಕೇಳುತ್ತಿದ್ದರು. ಸೊಂಟದ ಆಪರೇಷನ್ ಆದಮೇಲೆ ಅವರಿಗೆ ತಗ್ಗಾದ ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ನಮ್ಮ ಹಳೆಯ ಡೀಸೆಲ್ ಪಿಕಪ್ಪಿನ ಸೀಟು ಎತ್ತರ, ಬೆಂಚಿನ ಹಾಗೆ ಉದ್ದ. ಮೆಟ್ಟುಮಣೆ ಇಟ್ಟರೆ ಹತ್ತಿ, ಕಾಲು ಓರೆಯಾಗಿ ಚಾಚಿ ಕೂರಬಹುದಿತ್ತು. ಕಾಫಿ ಮೂಟೆ ಹೊತ್ತು ಸವೆದ ಗಾಡಿ ಕೊನೆಗೆ ಅವರನ್ನು ಹೊತ್ತಿತು. ಓಡಿಸುವವಳು ನಾನು. I was never a bad driver, ಆದರೆ ಹೆದರುಪುಕ್ಕಲಿ.

ಅವತ್ತು ಹಿಂದಿನಿಂದ ಬಂದ ಜೀಪಿನವರು ಒದ್ದೆ ಗೋಣಿಚೀಲ ಹಾಕಿ ರೇಡಿಯೇಟರಿನ ಮುಚ್ಚಳ ತೆಗೆದು, ನೀರು ತುಂಬಿಸಿ ಕಳಿಸಿದರು. ಬೆಡ್ ಸಿಕ್ಕಿತು, ಐದು ನಿಮಿಷ ಉಳಿದಿರುವಾಗ. ಮರುದಿನವೇ ನಾನು ನಾಪೋಕ್ಲಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ವಯಸ್ಸಾದ ಮಲಯಾಳಿ ಮಾಪಿಳ್ಳೆ. ಊರೆಲ್ಲ ಕಾಕ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ.

ಕಾಕ ಬಂದು ರೇಡಿಯೇಟರಿನ ಕೆಳಗೆ ಬೇಸಿನ್ ಇಟ್ಟು ನೀರು ಬಿಟ್ಟರು. ಕೆಂಪು ಕೆಸರು ಇಳಿಯಿತು.

"ಪಡಚೋನೇ, ದೇವ್ರೇ! ಅಮ್ಮಾ, ಇದ್ ಎಂತ ಕಷಾಯ?"

"ನಮ್ಮ ತೋಟದ ಚಿಲುಮೆ ನೀರು ಕಾಕ," ಎಂದರು ವಾಕರ್ ಹಿಡಿದು ನಿಂತಿದ್ದ ನನ್ನ ಗಂಡ. "ಅದನ್ನೇ ಕುಡಿದು ನಾನು ದೊಡ್ಡವನಾದದ್ದು."

"ನಿಮಗೆ ತುಕ್ಕು ಹಿಡಿಯೋದಿಲ್ಲ ಸಾವ್ಕಾರ್ರೇ, ಕಬ್ಬಿಣಕ್ಕೆ ಹಿಡೀತದೆ."

ಆಮೇಲೆ ಕಾಕ ಎಂಜಿನ್ನಿನ ಮೇಲ್ಭಾಗದ ಒಂದು ಮುಚ್ಚಳ ಬಿಚ್ಚಿ, ಒಳಗೆ ಬೆರಳು ಹಾಕಿ, ನನ್ನ ಗಂಡನ ಮುಖ ನೋಡಿದರು. "ಥರ್ಮೋಸ್ಟಾಟ್ ಎಲ್ಲಿ?"

ಇವರು ಆಕಾಶ ನೋಡಿದರು. "ತೆಗೆದು ಬಿಸಾಡಿದ್ದೆ. ಎಂತಕ್ಕೆ ಅದು? ಈ ಚಳಿಯಲ್ಲಿ ನೀರು ಓಡಾಡ್ತಾ ಇದ್ರೆ ಸಾಕಲ್ಲ."

"ಈ ಬೆಟ್ಟದವ್ರೆಲ್ಲ ಒಂದೇ ಬುದ್ಧಿ! ಡೋರ್ ಕಿತ್ತು ಬಿಸಾಡಿದ್ರೆ ಗಾಳಿ ಬರ್ತದೆ ಅಂತ."

ಅದೊಂದೇ ಭಾಗದ ವಿಷಯದಲ್ಲಿ ಇವರು ಸೋಲಲಿಲ್ಲ. ಮೂರು ಸಾಲಿನ ದೊಡ್ಡ ತಾಮ್ರದ ರೇಡಿಯೇಟರಿಗೆ ಒಪ್ಪಿದರು, ಹೊಸ ಹೋಸುಗಳಿಗೆ, ಫ್ಯಾನಿನ ಸುತ್ತ ಗಾಳಿ ಚೆದುರದ ಹಾಗೆ ತಗಡಿನ ಬಳೆಗೆ, ಹಸಿರು ಕೂಲೆಂಟಿಗೆ ಎಲ್ಲಕ್ಕೂ ಒಪ್ಪಿದರು. ಥರ್ಮೋಸ್ಟಾಟ್ ಬೇಡ. ಸಾಮಾನು ತಂದ ದಿನ ಕಾಕ ನೇರ ಅಡುಗೆಮನೆಗೆ ಬಂದು, "ಅಮ್ಮಾ, ಸಾಸ್‌ಪ್ಯಾನಲ್ಲಿ ನೀರಿಡಿ" ಎಂದರು. ಹೊಸ ಥರ್ಮೋಸ್ಟಾಟನ್ನು ನೂಲು ಕಟ್ಟಿ ಇಳಿಬಿಟ್ಟರು. ಹಿತ್ತಾಳೆಯ ಪುಟ್ಟ ಕೊಡೆಯಂಥದ್ದು. ನೀರು ಬೆಚ್ಚಗಾಯಿತು, ಬಿಸಿಯಾಯಿತು, ಅದು ಸುಮ್ಮನಿತ್ತು. ಕುದಿಯಲು ಇನ್ನೇನು ಎನ್ನುವಾಗ ನಿಧಾನವಾಗಿ ನಡುವೆ ಬಾಯಿ ಬಿಟ್ಟಿತು.

"ಇದು ತೆರೆದಾಗ ಎಂಜಿನ್ ಒಳಗೇ ಸುತ್ತೋ ಸಣ್ಣ ದಾರಿ ಮುಚ್ತದೆ, ಬಿಸಿನೀರು ರೇಡಿಯೇಟರಿಗೆ ಹೋಗ್ಲೇಬೇಕು. ಇದಿಲ್ಲಾಂದ್ರೆ ಅರ್ಧ ನೀರು ತಣ್ಣಗಾಗದೇ ವಾಪಸ್. ಎಷ್ಟು ದೊಡ್ಡ ರೇಡಿಯೇಟರ್ ಹಾಕಿದ್ರೂ ಅಷ್ಟೇ."

ನನ್ನ ಗಂಡ ಸಾಸ್‌ಪ್ಯಾನಿನ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. "ಹಾಕು ಮಾರಾಯ," ಎಂದರು. ಅಷ್ಟೇ.

ಗಾಡಿ ಸರಿಯಾಯಿತು. ನಾನು ಸರಿಯಾಗಲಿಲ್ಲ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಓಡಾಡುವ ಗೆರೆಯ ಒಂದು ತುದಿಗೆ ಸಿ, ಇನ್ನೊಂದು ತುದಿಗೆ ಎಚ್. ಸಿ ಎಂದರೆ ಕೋಲ್ಡ್. ಎಚ್ ಎಂದರೆ ಹಾಟ್ ಎಂದು ಗೊತ್ತಿದ್ದರೂ, ಕಾನ್ವೆಂಟಿನಲ್ಲಿ ಕ್ಯಾಟೆಕಿಸಮ್ ಎಂಬ ಧರ್ಮಪಾಠದ ಕ್ಲಾಸಿನ ಹೊರಗೆ ಕೂತು ಸಿಸ್ಟರ್ ಹೇಳುವುದನ್ನು ಕದ್ದು ಕೇಳಿದವಳಿಗೆ ಅದು ಹೆಲ್. ಏರು ಶುರುವಾದರೆ ಕಣ್ಣು ಅಲ್ಲಿಗೇ. ಮುಳ್ಳು ಕೂದಲೆಳೆಯಷ್ಟು ಏರಿದರೂ ಕಾಲು ಆಕ್ಸಿಲರೇಟರ್ ಬಿಡುತ್ತಿತ್ತು.

"ನೀನು ರೋಡು ನೋಡು, ಆ ಮುಳ್ಳಲ್ಲ," ಎನ್ನುತ್ತಿದ್ದರು.

"ನೀವು ಸುಮ್ಮನೆ ಕೂತ್ಕೊಳ್ಳಿ."

ಒಂದು ದಿನ ಹಾಗೆ ಮುಳ್ಳು ನೋಡುತ್ತಾ ತಿರುವು ತೆಗೆದೆ. ಎದುರಿಗೆ ಬಸ್ಸು. ಹಾರ್ನ್ ಕಿವಿಗೆ ಬೀಳುವ ಮೊದಲೇ ಸ್ಟೇರಿಂಗ್ ಎಳೆದಿದ್ದೆ. ಎಡಗಡೆಯ ಚಕ್ರ ಚರಂಡಿಯ ಅಂಚಿನಲ್ಲಿ ನಿಂತಿತು. ಚರಂಡಿಯಾಚೆ ಏನೂ ಇರಲಿಲ್ಲ, ಮರಗಳ ತಲೆ ಮಾತ್ರ. ಇವರು ನನ್ನನ್ನು ಬೈಯಲಿಲ್ಲ. ಚಾಚಿದ ಕಾಲು ಡ್ಯಾಶ್‌ಬೋರ್ಡಿಗೆ ತಾಗಿ ನೋವಾಗಿತ್ತು, ಅದನ್ನೂ ಹೇಳಲಿಲ್ಲ. "ಸರಿ ಉಟ್ಟು, ನಡೆ," ಎಂದರು.

ಅದಾಗಿ ಎರಡು ದಿನಕ್ಕೆ, ನಾನು ಅಡುಗೆಮನೆಯ ಕಿಟಕಿಯಿಂದ ನೋಡುವಾಗ ಅವರು ಅಂಗಳದಲ್ಲಿ ವಾಕರ್ ಬದಿಗಿಟ್ಟು ಬಾನೆಟ್ ಮುಚ್ಚುತ್ತಿದ್ದರು. "ಕೂಲೆಂಟ್ ಎಷ್ಟುಂಟು ಅಂತ ನೋಡಿದೆ," ಎಂದರು.

ಮುಂದಿನ ಸಲ ಏರಿನಲ್ಲಿ ಮುಳ್ಳು ಏಳಲೇ ಇಲ್ಲ. ಸಿ ಮೇಲೆ ಮಲಗಿತ್ತು, ಮಡಿಕೇರಿಯವರೆಗೂ. ಅದರ ಮುಂದಿನ ಸಲವೂ. ನನಗೆ ಆದ ಖುಷಿ ಹೇಳಲಾರೆ. ಆರು ವಾರ, ವಾರಕ್ಕೆರಡು ಸಲ, ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸಿದೆ. ರೇಡಿಯೋ ಹಾಕಲೇ ಎಂದರೆ ಅವರು ಬೇಡ ಎನ್ನುತ್ತಿದ್ದರು. ಮಾತಿಗೂ ಸಿಗುತ್ತಿರಲಿಲ್ಲ. ಸುಸ್ತು ಎಂದುಕೊಂಡೆ.

ಒಂದು ದಿನ ವಾಪಸ್ ಬರುವಾಗ ಕಾಕನ ವರ್ಕ್‌ಶಾಪಿನ ಮುಂದೆ ನಿಲ್ಲಿಸಿ, ಒಂದು ಭರಣಿ ಕಾಡುಮಾವಿನ ಉಪ್ಪಿನಕಾಯಿ ಕೊಟ್ಟೆ. ಡಯಾಲಿಸಿಸ್ ಮುಗಿಸಿದ ಗಂಡ ಸೀಟಿನಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದರು.

"ಮುಳ್ಳು ಸಿ ಬಿಟ್ಟು ಅಲ್ಲಾಡೋದೇ ಇಲ್ಲ ಕಾಕ. God bless you."

ಕಾಕನ ಮುಖದ ನಗು ಹೋಯಿತು. "ಅಲ್ಲಾಡೋದೇ ಇಲ್ವಾ?"

"ಇಲ್ಲ."

"ಓಡೋ ಎಂಜಿನ್ ನಡುವಿಗೆ ಬರ್ಲೇಬೇಕಲ್ಲಮ್ಮ. ಥರ್ಮೋಸ್ಟಾಟ್ ಹಾಕಿದ್ದೇ ಅದಕ್ಕೆ."

ಸದ್ದಾಗದಂತೆ ಬಾನೆಟ್ ಎತ್ತಿದರು. ಮುಳ್ಳಿಗೆ ಹೋಗುವ ಸಣ್ಣ ವೈರು ಕಳಚಿ ಬದಿಗೆ ಮಡಚಿತ್ತು. ತುದಿ ಎಲ್ಲಿಯೂ ತಾಗದ ಹಾಗೆ ಅದಕ್ಕೆ ಬಾಳೆನಾರು ಸುತ್ತಿ ಕಟ್ಟಿತ್ತು. ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವ ಗಂಟು ಅದು. ಬಿಗಿಯಾಗದೆ, ಜಾರದೆ ನಿಲ್ಲುವ ಗಂಟು. ನಮ್ಮ ತೋಟದಲ್ಲಿ ಅದನ್ನು ಹಾಗೆ ಎಡಗೈಯಲ್ಲಿ ಹಾಕುವವರು ಒಬ್ಬರೇ.

ಆರು ವಾರ. ಎಂಜಿನ್ ಕುದಿದು ಒಡೆದಿದ್ದರೂ ಆ ಮುಳ್ಳು ಹಾಗೇ ಮಲಗಿರುತ್ತಿತ್ತು, ನಾನು ಹಾಡು ಗುನುಗುತ್ತಾ ಏರುತ್ತಿದ್ದೆ. ಕಾಕ ವೈರು ಸಿಕ್ಕಿಸಿ ಸನ್ನೆ ಮಾಡಿದರು. ಕೀ ತಿರುಗಿಸಿದೆ. ಮುಳ್ಳು ಮೆಲ್ಲಗೆ ಎದ್ದು ನಡುವಿಗಿಂತ ಒಂದು ಗೆರೆ ಕೆಳಗೆ ನಿಂತಿತು.

"ಗಾಡಿ ಚೊಕ್ಕ ಉಂಟು," ಎಂದರು ಕಾಕ. "ಸಾವ್ಕಾರ್ರ ತಲೆಯೇ..."

ಊರಿನ ದಾರಿಯಲ್ಲಿ ಅವರಿಗೆ ಎಚ್ಚರವಾಯಿತು. ಮುಳ್ಳು ನೋಡಿದರು, ನನ್ನನ್ನು ನೋಡಿದರು.

"ನೀವು ನನ್ನನ್ನು ಕುರುಡಿ ಮಾಡಿ ಓಡಿಸಿದ್ರಿ," ಎಂದೆ. "What if it had boiled?"

"ನನ್ನ ಕಿವಿ ಉಂಟಲ್ಲ ಮಾರಾಯ್ತಿ. ಕೇಳ್ತಾ ಇದ್ದೆ. ಹೋಗುವಾಗ ನಾನು ನಿದ್ದೆ ಮಾಡಿದ್ದು ಒಂದು ದಿನ ಆದ್ರೂ ನೋಡಿದ್ದೀಯಾ?"

ಇಲ್ಲ. ಬರುವಾಗ ಇಳಿಜಾರಿನಲ್ಲಿ ಮಾತ್ರ. ಏರಿನುದ್ದಕ್ಕೂ ರೇಡಿಯೋ ಬೇಡ, ಮಾತು ಬೇಡ ಎಂದು ಕೂತವರು ಎಂಜಿನ್ನಿಗೆ ಕಿವಿಯಿಟ್ಟು ಕೂತಿದ್ದರು.

ಜಗಳ ಅಲ್ಲಿಗೆ ಮುಗಿಯಿತು. ಆದರೆ ನನ್ನೊಳಗೆ ಬೇರೊಂದು ಭಯ ಹೊಕ್ಕಿತು. ನಾನು ಹೆದರಬಾರದೆಂದು ಇವರು ಇನ್ನೇನನ್ನು ಕಳಚಿ ಕಟ್ಟಿಟ್ಟಿದ್ದಾರೆ? "ಉಸಿರು ಹೇಗುಂಟು?" ಎಂದು ಕೇಳುತ್ತಿದ್ದೆ. "ಸರಿ ಉಟ್ಟು." "ಎದೆ?" "ಸರಿ ಉಟ್ಟು ಅಂದೆನಲ್ಲ." ಅವರ ಮುಖದಲ್ಲಿ ನೋಡಲು ಒಂದು ಮುಳ್ಳಿರಲಿಲ್ಲ. ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೃದಯ ದಣಿದಿದೆ, ನಿಮ್ಮ ಯಜಮಾನರಿಗೆ ಗೊತ್ತು, ನಿಮಗೆ ಹೇಳಬೇಡಿ ಎಂದಿದ್ದರು, ಎಂದರು. ನನಗೆ ಗೊತ್ತಾಯಿತೆಂದು ನಾನೂ ಇವರಿಗೆ ಹೇಳಲಿಲ್ಲ.

ಮಳೆಗಾಲ ಮುಗಿಯುವವರೆಗೂ ಹೋಗಿಬಂದೆವು. ಒಂದು ಬೆಡ್ಡೂ ತಪ್ಪಲಿಲ್ಲ, ಗಾಡಿ ಒಂದು ಸಲವೂ ಕುದಿಯಲಿಲ್ಲ.

ಅವರ ಕೊನೆಯ ದಿನವೂ ಹತ್ತು ನಿಮಿಷ ಮೊದಲೇ ತಲುಪಿದೆವು. ಅಟೆಂಡರ್ ಗಾಲಿಕುರ್ಚಿ ತಂದ, ಮೆಟ್ಟುಮಣೆ ಇಟ್ಟು ಇಳಿಸಿ ಕೂರಿಸಿದೆವು. ಅವತ್ತು ಅವರ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ. ನಾನು ಎಂಜಿನ್ ಆಫ್ ಮಾಡಿ ಬಂದೆ. ಕುರ್ಚಿ ಹೊರಟಾಗ ಅವರು ಕೈಯೆತ್ತಿ ನಿಲ್ಲಿಸಿದರು. ಕುತ್ತಿಗೆ ಓರೆ ಮಾಡಿ ಬಾನೆಟ್ಟಿನ ಕಡೆ ಕಿವಿ ಕೊಟ್ಟರು. ಬಿಸಿ ಕಬ್ಬಿಣ ಆರುವ ಟಿಕ್ ಟಿಕ್ ಬಿಟ್ಟರೆ ಏನೂ ಇರಲಿಲ್ಲ.

"ಸರಿ ಉಟ್ಟು," ಎಂದರು, ನನ್ನನ್ನೇ ನೋಡುತ್ತಾ. "ನೆರಳಲ್ಲಿ ನಿಲ್ಲಿಸು."

ಅಟೆಂಡರ್ ಕುರ್ಚಿ ತಳ್ಳಿದ. ಬಾಗಿಲು ಎರಡು ಸಲ ತೂಗಾಡಿ ಮುಚ್ಚಿಕೊಂಡಿತು. ನಾನು ಗಾಡಿಯನ್ನು ನೆರಳಿಗೆ ತರಲು ಹೋದೆ.