ಸುವರ್ಣಮ್ಮ ಅಲ್ಲಾಡಿಸಿ ಆರಿಸಿದ ದುರ್ಬೀನು

ಹಾಲ್ಕುರಿಕೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕೊಬ್ಬರಿ ಶೆಡ್ಡಿನ ಮುಂದಿನ ಕಣದಲ್ಲಿ ಸುವರ್ಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುರ್ಬೀನಿನ ಪೀಠವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿದ್ದಾರೆ. ಜಪ್ಪಯ್ಯ ಅಂದರೂ ಅದು ಕದಲುವುದಿಲ್ಲ. ತೋಟದೊಳಗೆ ತೆಂಗಿನ ಗರಿಗಳು ಆಕಾಶ ಮುಚ್ಚುತ್ತವೆಂದು ಕಣವನ್ನೇ ಹುಡುಕಿಕೊಂಡಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಬಷೀರುನ್ನೀಸಾ ಬರಬೇಕು. ಬರುತ್ತಾರೋ ಇಲ್ಲವೋ ಎಂಬುದೇ ಇವರ ಚಿಂತೆ.

ಹರೆಯದಿಂದಲೂ ಕೊಬ್ಬರಿ ಸುಲಿದ ಕೈ ಅದು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಸುಲಿಯಬಹುದು, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ದಿನಕ್ಕೆ ಸಾವಿರದ ಹತ್ತಿರ ಕಾಯಿ ಕೈ ದಾಟುತ್ತವೆ. ಬೆರಳ ತುದಿ ಎಷ್ಟು ಸವೆದಿದೆಯೆಂದರೆ ರೇಷನ್ ಅಂಗಡಿಯ ಯಂತ್ರಕ್ಕೂ ಇವರ ಗುರುತು ಸಿಗುವುದಿಲ್ಲ, ಪ್ರತಿ ತಿಂಗಳೂ ಅದೊಂದು ರಾಮಾಯಣ. ಆದರೆ ಸುವರ್ಣಮ್ಮ ಅಲ್ಲಾಡಿಸಿ ಹೇಳಿದರೆ ಮುಗಿಯಿತು, ಊರಲ್ಲಿ ಎರಡನೇ ಮಾತಿರಲಿಲ್ಲ.

ಆ ಹೆಸರಿಗೆ ಪೆಟ್ಟು ಬಿದ್ದದ್ದು ಹೋದ ವರ್ಷ. ಮೊಬೈಲ್ ಇದ್ದರೂ, ಕತ್ತಲಲ್ಲಿ ಕೆಲಸಕ್ಕೆ ಹೊರಡುವ ಈ ಹೆಂಗಸರು ಇವತ್ತಿಗೂ ಬೆಳ್ಳಿಚುಕ್ಕಿ ನೋಡಿಯೇ ಹೊತ್ತು ಹೇಳುವವರು. ಚುಕ್ಕಿಗಳನ್ನು ಹತ್ತಿರದಿಂದ ನೋಡುವ ಆಸೆ ಇವರ ಮಹಿಳಾ ಸಂಘಕ್ಕೆ ಹತ್ತಿತು. ಸಂಘದ ದುಡ್ಡಲ್ಲಿ ಒಂದು ದುರ್ಬೀನು ಆರಿಸಿ ತರುವ ಕೆಲಸ ಸುವರ್ಣಮ್ಮನವರ ಪಾಲಿಗೆ ಬಂತು. ಅಂಗಡಿಯಲ್ಲಿ ಇವರು ಮಾಡಿದ್ದೇನು ಗೊತ್ತೇ? ಕೊಳವೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು! ಒಳಗೆ ಏನೂ ಸದ್ದಾಗಲಿಲ್ಲ, ಗಾಜು ಭದ್ರ. ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಡಬ್ಬದ ಮೇಲೆ ಬೇರೆ ಬರೆದಿತ್ತು. ಊರಿಗೆ ತಂದು ನಿಲ್ಲಿಸಿದರೆ ಅದಕ್ಕೆ ಕಡ್ಡಿಯಂಥ ಮೂರು ಕಾಲು. ಕಣ್ಣಿಟ್ಟರೆ ಚಂದ್ರ ಕುಣಿಯುತ್ತಾನೆ, ಕೈ ತಾಗಿದರೆ ಮಾಯ.

ಸಂಘದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ಆಸೆಪಟ್ಟಿದ್ದ ಬಷೀರುನ್ನೀಸಾ ಮಾತ್ರ ನಗಲಿಲ್ಲ. “ನಿನ್ ಕೈ ಕಾಯಿಗಷ್ಟೇ ಸರಿ ಬುಡು ಸುವರ್ಣಕ್ಕ” ಅಂದು ಎದ್ದು ಹೋದರು.

“ಕರಟದ ಚೂರು ಉಗುರೊಳಕ್ಕೆ ಹೋದಂಗಾಯ್ತು ಕಣಪ್ಪ. ಅವತ್ತು ಊಟ ಸೇರ್ಲಿಲ್ಲ. ನಕ್ಕೋರನ್ನ ಮರ್ತೆ, ಅವಳಂದಿದ್ದು ಮರೆಯಕ್ಕಾಗ್ಲಿಲ್ಲ” ಎನ್ನುತ್ತಾರೆ ಸುವರ್ಣಮ್ಮ.

ಎರಡನೇ ಸಲ ಆತುರಪಡಲಿಲ್ಲ. ಸಂಘದ ಮುಂದೆ ಕೈಯನ್ನೂ ಚಾಚಲಿಲ್ಲ, ತಮ್ಮ ಕೂಲಿಯಲ್ಲೇ ಉಳಿಸಿದರು. ಹೈಸ್ಕೂಲಿನ ವಿಜ್ಞಾನದ ಟೀಚರ್ ಅನಿತಾ ಅವರ ಬಳಿ ಹೋಗಿ ಕೂತು ಕೇಳಿದರು. ಎಷ್ಟು ಪಟ್ಟು ಎಂಬುದನ್ನು ನೋಡಬೇಡಿ, ಕೊಳವೆಯ ಬಾಯಿ ಎಷ್ಟು ಅಗಲವಿದೆ ನೋಡಿ, ಅಗಲವಾದಷ್ಟೂ ಬೆಳಕು ಹೆಚ್ಚು ಎಂದರು ಅವರು. ಅದಕ್ಕೂ ಮೊದಲು ಅದು ಗಟ್ಟಿಯಾಗಿ ನಿಲ್ಲಬೇಕು ಎಂದೂ ಹೇಳಿದರು. ಹಾಗೆ ನೋಡಿ ತಂದ ಈಗಿನ ದುರ್ಬೀನಿಗೆ ಕಾಲೇ ಇಲ್ಲ. ಒರಳುಕಲ್ಲಿನ ಹಾಗೆ ನೆಲಕ್ಕೆ ಕೂತ ಮರದ ಪೀಠ, ಅದರ ಮೇಲೆ ಅಗಲ ಬಾಯಿಯ ಕೊಳವೆ.

“ಕಾಯೊಳಗೆ ಅಲ್ಲಾಡ್ಬೇಕು, ಇದು ಅಲ್ಲಾಡ್ಬಾರ್ದು. ಇಷ್ಟು ತಿಳ್ಕಳಕ್ಕೆ ಒಂದು ದುರ್ಬೀನೇ ಹಾಳಾಯ್ತು ನೋಡಪ್ಪ” ಎಂದು ನಗುತ್ತಾರೆ. ಇನ್ನೇನು ಆಸೆ ಎಂದು ಕೇಳುತ್ತೇನೆ. ಸುವರ್ಣಮ್ಮ ತಂದಿದ್ದು ಅಂದರೆ ಜನ ಮೊದಲಿನ ಹಾಗೆ ನಂಬಬೇಕು, ಅಷ್ಟು ಸಾಕಂತೆ. ಹೇಳುವಾಗಲೂ ಅವರ ಕಣ್ಣು ದಾರಿಯ ಮೇಲೇ ಇದೆ.

ಕೊನೆಗೂ ಬಷೀರುನ್ನೀಸಾ ಬರುತ್ತಾರೆ. ಸೆರಗನ್ನು ತಲೆಗೆಳೆದುಕೊಂಡು ಬಾಗಿ ಕಣ್ಣಿಡುತ್ತಾರೆ. ನಾನು ಆಗಲೇ ನೋಡಿದ್ದೇನೆ: ಗುಂಡಗೆ ಗುರುಗ್ರಹ, ಅದರ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಅದರ ನಾಲ್ಕು ಚಂದ್ರರು, ಸಾಸಿವೆ ಕಾಳಿನಷ್ಟು. ಬಷೀರುನ್ನೀಸಾ ಬೇಕೆಂದೇ ಪೀಠವನ್ನು ಒಮ್ಮೆ ತಟ್ಟುತ್ತಾರೆ. ಮತ್ತೆ ನೋಡುತ್ತಾರೆ. ಸುವರ್ಣಮ್ಮ ಸೊಂಟದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸಿಕೊಳ್ಳುತ್ತಾರೆ.

ಶೆಡ್ಡಿನ ಬಾಗಿಲಲ್ಲಿ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಸೇರುತ್ತಿದ್ದಾರೆ. ಬಷೀರುನ್ನೀಸಾ ಕಣ್ಣು ತೆಗೆಯದೆಯೇ ಅವರತ್ತ ಕೈಬೀಸುತ್ತಾರೆ.

“ಬನ್ರೇ, ನೋಡ್ಬನ್ನಿ. ನಮ್ ಸುವರ್ಣಕ್ಕ ಆರ್ಸಿದ್ದು.”