ಅಕ್ಕ ಹಚ್ಚಿದ ಜವಾರಿ ಗುಲಾಬಿ

ಐವತ್ತರ ದಶಕದ ಆರಂಭ. ರೋಣದ ಗಂಡನ ಮನೆಯಿಂದ ನಮ್ಮಕ್ಕ ಒಂದು ಟ್ರಂಕು ಹಿಡಿದು ಗಜೇಂದ್ರಗಡದ ತವರಿಗೆ ಬಂದಾಗ ನನಗೆ ಹದಿಮೂರು ವರ್ಷ. ಆಕೆಗೆ ಎರಡು ಕೂಸು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. "ಆಕೀ ಕೈಗುಣ ನೆಟ್ಟಗಿಲ್ಲ, ಮುಟ್ಟಿದ್ದು ಉಳಿಯಂಗಿಲ್ಲ" ಎಂದು ಅತ್ತೆ ಹೇಳಿ ಕಳಿಸಿದ್ದಳು. ಆ ನಾಲಿಗೆಗೆ ಬರೆ ಹಾಕಬೇಕಿತ್ತು! ನಮ್ಮವ್ವನೇನು ಕಡಿಮೆಯೇ? ಉಪ್ಪಿನಕಾಯಿ ಭರಣಿಯನ್ನು ಅಕ್ಕನ ಕೈಗೆ ಸಿಗದಂತೆ ಮೇಲಿನ ಹಲಗೆಗೆ ಏರಿಸಿದಳು. ಅಕ್ಕ ಅದನ್ನು ನಿಂತು ನೋಡಿದಳು.

ಆ ಮಳೆಗಾಲದಲ್ಲಿ ಆಕೆಗೆ ಗುಲಾಬಿ ಹಚ್ಚುವ ಮನಸ್ಸಾಯಿತು. ದವಾಖಾನೆಯ ಅಂಗಳದಲ್ಲಿ ಎರಡು ಜಾತಿ ಇದ್ದವು. ಒಂದು ಧಾರವಾಡದಿಂದ ತಂದ ಕಸಿ ಗಿಡ, ಅಂಗೈ ಅಗಲದ ಕೆಂಪು ಹೂವು. ಇನ್ನೊಂದು ಬೇಲಿಯ ಹತ್ತಿರ ತಾನಾಗಿಯೇ ಬೆಳೆದ ಜವಾರಿ, ತೆಳುಬಣ್ಣದ ಸಣ್ಣ ಹೂವು. ನಾನು ಕೆಂಪಿಗೆ ಹಟ ಹಿಡಿದೆ. "ಅದು ಶ್ರೀಮಂತರ ಮನಿ ಮಗಳಿದ್ದಂಗ, ದಿನಾ ಉಪಚಾರ ಬೇಕು. ಈ ಜವಾರಿ ಬಚ್ಚಲ ನೀರು ಕುಡದ ವರ್ಷಾನಗಟ್ಲೆ ಹೂ ಬಿಡ್ತೈತಿ" ಎಂದು ಅಕ್ಕ ಬೇಲಿಯ ಗಿಡದಿಂದಲೇ ಒಂದು ಟೊಂಗೆ ಕೇಳಿ ತಂದಳು.

ಬಚ್ಚಲ ನೀರು ಹರಿಯುವ ಕಡೆ ಗುಣಿ ತೋಡಿದಳು. ನಮ್ಮ ಕಡೆಯ ಕಪ್ಪು ಎರೆಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆಂದು ಹಳ್ಳದ ಉಸುಕು ಬೆರೆಸಿ, ಟೊಂಗೆಯನ್ನು ಓರೆಯಾಗಿ ನೆಟ್ಟು, ತುದಿಗೆ ಸೆಗಣಿ ಮೆತ್ತಿದಳು. ಆಮೇಲೆ ನನಗೆ ಹೇಳಿದಳು: "ಇದು ಹೂ ಬಿಟ್ರ, ನನ್ನ ಕೈ ಬಗ್ಗೆ ಯಾರು ಏನಂದ್ರೂ ನಾ ನಂಬಂಗಿಲ್ಲ." ಟೊಂಗೆ ಚಿಗುರಿತು. ದೀಪಾವಳಿ ಕಳೆದ ಮೇಲೆ ಮೂರು ಮೊಗ್ಗು ಬಂದವು. ಅಕ್ಕ ಬೆಳಿಗ್ಗೆ ಎದ್ದವಳೇ ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನ ನಕ್ಕದ್ದೂ ಕೇಳಿಸಿತು.

ನಮ್ಮದು ನೇಕಾರರ ಮನೆ. ಅಪ್ಪ ಹಿತ್ತಲಲ್ಲೇ ನೂಲಿಗೆ ಬಣ್ಣ ಹಾಕುತ್ತಿದ್ದ. ಬಿಳಿ ನೂಲು ಹಂಡೆಯಲ್ಲಿ ಮುಳುಗಿ ಕೆಂಪಾಗಿ ಏಳುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ನೂಲು ಕುಡಿಯುವ ಬಣ್ಣವನ್ನು ಬೇರು ಕುಡಿಯಲಾರದೇ? ಮೊಗ್ಗು ಬಿರಿಯುವ ಮೊದಲೇ ಬಣ್ಣ ಏರಿಸಿದರೆ ಅಕ್ಕನಿಗೂ ಕೆಂಪು ಹೂವೇ ಸಿಗುತ್ತದೆ. ಎಂಥ ಶಾಣ್ಯಾತನ ನನ್ನದು! ಒಂದು ಮಧ್ಯಾಹ್ನ ಎಲ್ಲರೂ ಮಗ್ಗದ ಮುಂದಿದ್ದಾಗ, ಹಂಡೆಯಲ್ಲಿ ಉಳಿದ ಬಣ್ಣದ ನೀರನ್ನು ಎರಡು ಕೊಡ ಬುಡಕ್ಕೆ ಸುರಿದೆ. ಅದರಲ್ಲಿ ಅಪ್ಪನ ಬೆರಳಿನ ಚರ್ಮ ಸುಲಿಯುವಂಥ ಸೋಡಾಖಾರ ಇದ್ದದ್ದು ನನಗೆ ಹೊಳೆಯಲೇ ಇಲ್ಲ.

ಕಪ್ಪು ಮಣ್ಣು ಆ ಕೆಂಪನ್ನು ಗುರುತು ಸಿಗದಂತೆ ನುಂಗಿತು. ನಾಲ್ಕೇ ದಿನದಲ್ಲಿ ಎಲೆಗಳು ಸುಟ್ಟು ಉದುರಿದವು, ಮೊಗ್ಗುಗಳು ಬಾಗಿದವು. ಅಕ್ಕ ಗಿಡ ಕಿತ್ತು ತಿಪ್ಪೆಗೆ ಒಗೆದು ಬಂದು, "ನಮ್ಮತ್ತಿ ಅಂದದ್ದು ಖರೇನ ಐತಿ" ಅಂದಳು. ನಾನು ಬಾಯಿ ತೆರೆದೆ. ಅಪ್ಪನ ಬೆತ್ತ ನೆನಪಾಗಿ ಮುಚ್ಚಿದೆ. ಹೇಡಿ ನಾನು, ಖರೇ ಹೇಡಿ.

ಆರು ವರ್ಷಗಳ ಮೇಲೆ ನರಗುಂದದ ನನ್ನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದೆ. ಒಂದು ದಿನ ಬಚ್ಚಲಲ್ಲಿ ಎರೆದುಕೊಳ್ಳುತ್ತಿದ್ದಾಗ ಕೂಸು ಚೀರತೊಡಗಿತು. ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಎಷ್ಟು ಹೊತ್ತಾದರೂ ಅಳು ನಿಲ್ಲದೆ, ಒದ್ದೆ ಮೈಯಲ್ಲೇ ಓಡಿ ಬಂದೆ. ಅಕ್ಕ ತೊಟ್ಟಿಲ ಮಗ್ಗುಲಲ್ಲೇ ನಿಂತು, ಎರಡೂ ಕೈ ಕಂಕುಳಲ್ಲಿ ಒತ್ತಿಕೊಂಡು ತಾನೂ ಅಳುತ್ತಿದ್ದಳು. "ಲಗೂ ಎತ್ತಿಕೋ ತಂಗಿ, ನಾ ಹ್ಯಾಂಗ ಮುಟ್ಲಿ?"

ಕೂಸನ್ನು ಎದೆಗವಚಿಕೊಂಡು ಎಲ್ಲ ಹೇಳಿಬಿಟ್ಟೆ: ಬಣ್ಣದ ನೀರು, ಸೋಡಾಖಾರ, ಎರಡು ಕೊಡ. "ಗಿಡಾ ಕೊಂದಾಕಿ ನಾನು, ನೀ ಅಲ್ಲ" ಅಂದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡವಾ."

ಆಣೆ ಮಾಡಿ, ಕೂಸನ್ನು ಆಕೆಯ ಮುಂದೆ ಚಾಚಿದೆ. ಆಕೆ ಹಿಂದೆ ಸರಿದಳು.