ಆ ದೋಷ ಯಾವುದೆಂದು ನನಗೆ ಗೊತ್ತಿತ್ತು

ಅಣ್ಣಾ, ನನ್ನ ಕಾರು ಬೆಳಿಗ್ಗೆ ಯಾಕೆ ಸ್ಟಾರ್ಟ್ ಆಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಒಂದು ದಿನವಲ್ಲ, ಎರಡು ತಿಂಗಳು. ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ ನಿನ್ನ ಪಕ್ಕದಲ್ಲೇ.

ನಿನ್ನ ಕೈಹಿಡಿದ ವೈನಿ ತೀರಿಕೊಂಡ ಮೇಲೆ ನೀನು ಬೆಳಗಾವಿಯ ಗ್ಯಾರೇಜು ಮುಚ್ಚಿ ನಾನಿರುವ ಈ ಮರಾಠಿ ಊರಿಗೇ, ಮಗರಪಟ್ಟಾದಲ್ಲಿದ್ದ ಮಗಳ ಮನೆಗೆ ಬಂದೆ. ಹನ್ನೊಂದನೇ ಮಹಡಿಯ ಕಿಟಕಿಯ ಹತ್ತಿರ ಕುಳಿತವನು ಕುಳಿತೇ ಇದ್ದೆ. ಮಾತಿಲ್ಲ, ಊಟದ ಮೇಲೆ ಮನಸ್ಸಿಲ್ಲ. ನಾನು ಫೋನ್ ಮಾಡಿದರೆ ಒಂದು 'ಹೂಂ'. ಅದೇ ಚಳಿಗಾಲದಲ್ಲಿ ನನ್ನ ಹದಿನೈದು ವರ್ಷದ ಹಳೆಯ ಕಾರು ಮುನಿಸಿಕೊಂಡಿತು. ಬೆಳಿಗ್ಗೆ ಕೀಲಿ ತಿರುವಿದರೆ ಬರೀ ಗರಗರ. ಏಳೆಂಟು ಸಲ ಒದ್ದಾಡಿದ ಮೇಲೆ ಎಂಜಿನ್ ಕೆಮ್ಮುತ್ತಾ ಏಳುವುದು. ಒಮ್ಮೆ ಬಿಸಿಯಾಯಿತೆಂದರೆ ದಿನವಿಡೀ ತಕರಾರಿಲ್ಲ. ನಿನಗೆ ಹೇಳಿದೆ. ಮರುದಿನ ಎಂಟಕ್ಕೆಲ್ಲ ನೀನು ಸ್ವಾರಗೇಟಿನಲ್ಲಿ ಬಸ್ಸಿಳಿದು, ಪಾನಾ-ಸ್ಕ್ರೂಡ್ರೈವರುಗಳ ಚೀಲ ಹಿಡಿದು, ನಮ್ಮ ಮನೆಗೆ ನಡೆದು ಬಂದೆ!

"ಕೀಲಿ ಅರ್ಧಾ ತಿರುವು ಸುಮಾ, ಪಂಪಿನ ಸಪ್ಪಳ ಕೇಳೂಣು," ಎಂದು ನೀನು ಪೆಟ್ರೋಲ್ ಪಂಪಿನ ಮೇಲಿದ್ದ ಹಿಂದಿನ ಸೀಟಿಗೆ ಕಿವಿಯಿಟ್ಟೆ. ಪಂಪು ಸರಿಯಿತ್ತು. ಬ್ಯಾಟರಿ ಸರಿಯಿತ್ತು. ಪ್ಲಗ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ. ಬೆಳಗಾದರೆ ಮತ್ತೆ ಅದೇ ಗರಗರ, ಮತ್ತೆ ಬಸ್ಸು ಹಿಡಿದು ನೀನು.

ಒಂದು ರವಿವಾರ, ನೀನು ಬಾರದ ದಿನ, ನಾನು ನಮ್ಮ ಓಣಿಯ ಮೆಕ್ಯಾನಿಕ್‌ನನ್ನು ಕರೆದೆ. ಅವನು ಸ್ಕ್ಯಾನರ್ ಜೋಡಿಸಿ ನೋಡಿದ. ಎಂಜಿನ್ನಿನ ಶಾಖ ಅಳೆಯುವ ಸೆನ್ಸರ್ ಕೆಟ್ಟಿತ್ತು — ಎಂಜಿನ್ ತಣ್ಣಗಿದ್ದರೂ ಬಿಸಿಯಿದೆ ಎಂದು ಸುಳ್ಳು ಹೇಳುತ್ತಿತ್ತು; ಅದಕ್ಕೇ ಬೆಳಗಿನ ಹೊತ್ತು ಪೆಟ್ರೋಲ್ ಸಾಲುತ್ತಿರಲಿಲ್ಲ. ಹೊಸದು ಹಾಕಿದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ನಾನು... ನಾನು "ಜುನಾಚ್ ಪರತ್ ಲಾವಾ," ಅಂದೆ. ಹಳೆಯದನ್ನೇ ಮತ್ತೆ ಹಾಕಿ ಎಂದು. ಅವನು ನನ್ನ ಮುಖ ನೋಡಿ, ಹಳೆಯದನ್ನೇ ಕೂರಿಸಿ, ಹೊಸದನ್ನು ನನ್ನ ಕೈಗಿಟ್ಟ.

ಹಿಂದಿನ ದಿನವಷ್ಟೇ ನೀನು ಎರಡನೇ ಜೋಳದ ಭಕ್ರಿ ಕೇಳಿ ಹಾಕಿಸಿಕೊಂಡಿದ್ದೆ, ಅಣ್ಣಾ. ವೈನಿಯ ಹೆಸರೆತ್ತಿ ನಕ್ಕಿದ್ದೆ. ಕಾರು ಸರಿಯಾದರೆ ನೀನು ಮತ್ತೆ ಆ ಕಿಟಕಿಗೇ —

ನೀನೇನೂ ಅದನ್ನು ಕಂಡುಹಿಡಿಯಲಾರದವನಲ್ಲ. ಒಂದು ದಿನ ಕೈ ಒರೆಸಿಕೊಳ್ಳುತ್ತಾ, "ತಣ್ಣಗಿದ್ದಾಗಷ್ಟ ಕಾಡ್ತದ ಅಂದ್ರ, ಇದಕ್ಕ ತಂಪು-ಬಿಸಿ ತಿಳೀವಲ್ತೇನ?" ಎಂದೆ. ಕೂಡಲೇ ನಾನು "ಉಪ್ಪಿಟ್ಟು ಆರ್ತದ, ಬಾ ಅಣ್ಣಾ," ಎಂದು ಒಳಗೆ ಕರೆದೊಯ್ದೆ. ತಿಂದು ಬಂದವನು ಆ ಎಳೆ ಬಿಟ್ಟು ಇನ್ನೊಂದು ವೈರು ಹಿಡಿದೆ. ನಾನು ಸುಮ್ಮನಿದ್ದುದಷ್ಟೇ ಅಲ್ಲ — ನಿನ್ನ ದಾರಿಯನ್ನೂ ತಪ್ಪಿಸಿದೆ.

ಆಮೇಲೆ ಒಂದು ಬೆಳಿಗ್ಗೆ ನೀನು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದೆ.

"ಹಡಪಸರದಾಗ ಒಬ್ರು ತಮ್ಮ ಗ್ಯಾರೇಜಿಗೆ ಬರ್ರಿ, ನಮ್ಮ ಮಂದಿಗೆ ಕೆಲಸಾ ಕಲಸ್ರಿ ಅಂದಿದ್ರು. ಒಲ್ಲೆ ಅಂದೆ. ತಂಗಿ ಗಾಡಿನ ತಿಳೀವಲ್ತು, ಮಂದಿಗೇನ ಕಲಸಲಿ? ನನ್ನ ಕೈ ಮುಗೀತು, ಸುಮಾ."

ಆಗ ಹೇಳಬಹುದಿತ್ತು. ಹೊಸ ಸೆನ್ಸರ್ ಅಡಿಗೆಮನೆಯ ಡ್ರಾವರಿನಲ್ಲೇ ಇತ್ತು. "ಹೋಗ್ಲಿ ಬಿಡಣ್ಣಾ," ಎಂದೆ. ನೀನು ಹೋದ ಮೇಲೆ ಅದನ್ನು ಹಾಕಿಸಿ, ಗಾಡಿ ತಾನಾಗೇ ಸರಿಯಾಯಿತು ಎಂದು ಫೋನಿನಲ್ಲಿ ಇನ್ನೊಂದು ಸುಳ್ಳು ಹೇಳಿದೆ. ನೀನು ನಕ್ಕೆ. "ನಾ ಕೈ ಬಿಟ್ಟಕೂಡ್ಲೆ ಸುಧಾರಿಸ್ತು ನೋಡು." ಅಂದಿನಿಂದ ನೀನು ಯಾರ ಗಾಡಿಯನ್ನೂ ಮುಟ್ಟಿಲ್ಲ. ಎರಡು ವರ್ಷವಾಯಿತು.

ಪ್ರೀತಿಯಿಂದ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಶುರುವಿನಲ್ಲಿ ಇದ್ದಿರಬಹುದು. ಆದರೆ ಆ ಬೆಳಿಗ್ಗೆ ನನ್ನ ಬಾಯಿ ಕಟ್ಟಿದ್ದು ಪ್ರೀತಿಯಲ್ಲ, ನಿನ್ನ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ. ಅದಕ್ಕಾಗಿ ನಿನ್ನನ್ನು ನಿನ್ನ ಕಣ್ಣಲ್ಲೇ ಸಣ್ಣವನನ್ನಾಗಿ ಮಾಡಿದೆ.

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ಈ ರವಿವಾರ ಬಂದು, ನಿನ್ನ ಎದುರು ಕುಳಿತು, ನಾನೇ ಓದುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೆ ನನ್ನ ತಲೆಯ ಮೇಲೆ ಕೈಯಿಟ್ಟುಬಿಟ್ಟರೆ — ಅದನ್ನು ಹೇಗೆ ತಡೆದುಕೊಳ್ಳಬೇಕೋ, ಅದು ಮಾತ್ರ ನನಗೆ ತಿಳಿಯದು.